ಸಹಾಯ ಬೇಕು: ಅವ್ವನಿಗೆ ಜಂಬೂಸವಾರಿ ತೋರಿಸಬೇಕು

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿಯವರು. ನಮ್ಮ ಅವ್ವನಿಗೆ 72 ವರ್ಷ. ಇಷ್ಟು ವರ್ಷ ಮೈಸೂರು ದಸರಾವನ್ನು ಟಿವಿಯಲ್ಲೇ ನೋಡಿದ್ದಾರೆ. 750 ಕೆ.ಜಿ. ತೂಕದ ಅಂಬಾರಿ ಹೊತ್ತ ಆನೆ ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು, ಎದ್ದು ನಿಂತು ಕೈ ಮುಗಿಯುತ್ತಾರೆ. ಈ ಸಲ ಚಾಮುಂಡೇಶ್ವರಿಯನ್ನು ಕಣ್ಣಾರೆ ತೋರಿಸಲೇಬೇಕು.

ಆದರೆ ಅವರಿಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ. ಅರಮನೆ ಒಳಗಿನ ಪಾಸ್ ಸಿಕ್ಕಿಲ್ಲ. ಸಯ್ಯಾಜಿರಾವ್ ರಸ್ತೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರಲು ಬಿಡುತ್ತಾರಾ? ನೆರಳು ಎಲ್ಲಿರುತ್ತದೆ? ಬೆಳಿಗ್ಗೆ ಎಷ್ಟು ಗಂಟೆಗೆ ಬಂದರೆ ಜಾಗ ಸಿಗುತ್ತದೆ? ಹತ್ತಿರದಲ್ಲೇ ಶೌಚಾಲಯ ಇರಬೇಕು, ಅದೇ ದೊಡ್ಡ ಚಿಂತೆ. ಬನ್ನಿಮಂಟಪದ ಪಂಜಿನ ಕವಾಯತು ತಪ್ಪಿದರೂ ಪರವಾಗಿಲ್ಲ, ರಾತ್ರಿ ಅರಮನೆಯ ದೀಪ ತೋರಿಸಿದರೆ ಸಾಕು. ಮೈಸೂರಿನವರು ದಯವಿಟ್ಟು ತಿಳಿಸಿ.