‘ಲೋಹದ ದಣಿವು’ ಸರಿಯಾದ ಪದವೇ? ಲ್ಯಾಂಡಿಂಗ್ ಗೇರ್ ತಪಾಸಣೆಯ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಬಳ್ಳಾರಿ ಕಡೆಯ ಐಟಿಐ ವಿದ್ಯಾರ್ಥಿಗಳಿಗಾಗಿ ದೊಡ್ಡ ಸರಕು ವಿಮಾನಗಳ ಲ್ಯಾಂಡಿಂಗ್ ಗೇರ್ (ಗಾಲಿಗಳೂ ಅವನ್ನು ಹೊತ್ತ ಕಂಬಗಳೂ ಸೇರಿದ ವ್ಯವಸ್ಥೆ) ತಪಾಸಣೆಯ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುವಾಗ ಕೆಲವು ಪದಗಳು ಕಗ್ಗಂಟಾಗಿವೆ. ಬಲ್ಲವರು ಬಿಡಿಸಬೇಕು.

ಮೊದಲು ಹೆಸರೇ. ಸಂಡೂರಿನ ಅದಿರು ಲಾರಿಗಳನ್ನು ನೋಡಿ ಬೆಳೆದ ಹುಡುಗನಿಗೆ ‘ಗೇರ್’ ಎಂದರೆ ಗೇರ್‌ಬಾಕ್ಸಿನ ಹಲ್ಲುಚಕ್ರ. ‘ಇಳಿಗಾಲಿ’ ಎಂದರೂ ಅರ್ಧ ಮಾತ್ರ ಹೇಳಿದಂತೆ. ಬೋಯಿಂಗ್ 747-8 ಸರಕು ವಿಮಾನದ 18 ಗಾಲಿಗಳು ಇಳಿಯುವಾಗಷ್ಟೇ ಅಲ್ಲ, ಸುಮಾರು 447 ಟನ್ ಹೊತ್ತು ಮೇಲೇಳುವ ಓಟದಲ್ಲೂ ದುಡಿಯುತ್ತವೆ. ಒಟ್ಟು ವ್ಯವಸ್ಥೆಗೆ ‘ಲ್ಯಾಂಡಿಂಗ್ ಗೇರ್’ ಎಂದೇ ಉಳಿಸಿ, ಒಂದೊಂದು ಕಂಬಕ್ಕೆ ‘ಗಾಲಿಗಾಲು’ ಎನ್ನುವುದು ನನ್ನ ಒಲವು.

ಕಾಲು ಮಡಿಚಿದಾಗ ಮೇಲೆ, ಬಿಚ್ಚಿದಾಗ ಕೆಳಗೆ ಹಿಡಿದಿಡುವ ಲಾಕ್‌ಗೆ ‘ಕಡೆಗೀಲು’ ಎಂದು ಒಬ್ಬರು ಸೂಚಿಸಿದ್ದಾರೆ. ಅದು ಒಗ್ಗದು. ಬಂಡಿಯ ಕಡೆಗೀಲು ಗಾಲಿ ಅಚ್ಚಿನಿಂದ ಕಳಚದಂತೆ ತಡೆಯುತ್ತದೆ. ಇಲ್ಲಿ ತಡೆಯಬೇಕಾದದ್ದು ಕಾಲು ಮಡಿಚಿಕೊಳ್ಳುವುದನ್ನು. ಬಾಗಿಲಿನ ‘ಅಗಳಿ’ ಇದಕ್ಕೆ ಹತ್ತಿರ: ಮೇಲಗಳಿ, ಕೆಳಗಳಿ. ನೆಲದ ಮೇಲೆ ಕೆಲಸ ಶುರುಮಾಡುವ ಮೊದಲು ತೂರಿಸುವ, ಕೆಂಪು ಪಟ್ಟಿ ಕಟ್ಟಿದ ಪಿನ್ನಿಗೆ ‘ಅಗಳಿ ಪಿನ್’.

ನಿಜವಾದ ತೊಡಕು ‘ದಣಿವು’ ಎಂಬಲ್ಲಿದೆ. ಮರಳಿ ಮರಳಿ ಹೊರೆ ಬಿದ್ದು ಲೋಹ ಬಿರುಕು ಬಿಡುವುದನ್ನು ಇಂಗ್ಲಿಷಿನಲ್ಲಿ ‘ಮೆಟಲ್ ಫಟೀಗ್’ ಎನ್ನುತ್ತಾರೆ; ‘ಲೋಹದ ದಣಿವು’ ಅದರ ನೇರ ಅನುವಾದ. ದಣಿದವನು ಕೂತರೆ ಸುಧಾರಿಸಿಕೊಳ್ಳುತ್ತಾನೆ. ಉಕ್ಕು ಹಾಗಲ್ಲ, ವಿಮಾನವನ್ನು ತಿಂಗಳುಗಟ್ಟಲೆ ನಿಲ್ಲಿಸಿದರೂ ಹುಟ್ಟಿದ ಬಿರುಕು ಕೂಡಿಕೊಳ್ಳುವುದಿಲ್ಲ. ಹುಡುಗರು ಈ ಪದವನ್ನು ನಂಬಿ ತಪ್ಪು ತಿಳಿಯಬಾರದು. ‘ಸವೆತ’ವೂ ಅಲ್ಲ, ಏಕೆಂದರೆ ಮೇಲ್ಮೈ ಸವೆಯದೆಯೇ ಒಳಗೆ ಬಿರುಕು ಬೆಳೆಯಬಹುದು. ಮುರಿದ ಮುಖದಲ್ಲಿ ಅದರ ಗುರುತು ಇರುತ್ತದೆ: ಬೇಸಿಗೆಯಲ್ಲಿ ತುಂಗಭದ್ರಾ ಜಲಾಶಯದ ನೀರು ಇಳಿಯುತ್ತಾ ಹೋದಂತೆ ದಂಡೆಯಲ್ಲಿ ಉಳಿಯುವ ಗೆರೆಗಳ ಹಾಗೆ, ಹುಟ್ಟಿದ ಬಿಂದುವಿನ ಸುತ್ತ ಬಾಗಿದ ಗೆರೆಗಳು. ಇವಕ್ಕೆ ‘ದಂಡೆಗೆರೆ’ ಎನ್ನೋಣ. ಒಂದೇ ಬಡಿತಕ್ಕೆ, ಹೊರೆ ಮಿತಿ ಮೀರಿ ಮುರಿದಿದ್ದರೆ ದಂಡೆಗೆರೆ ಇರುವುದಿಲ್ಲ. ಹಾಗಾಗಿ ‘ಮರುಹೊರೆ ಬಿರುಕು’ ಎಂದು ಯೋಚಿಸಿದ್ದೇನೆ. ಮರಳಿ ಮರಳಿ ಬಿದ್ದ ಹೊರೆ ಎಂಬ ಕಾರಣ ಪದದಲ್ಲೇ ಇರುತ್ತದೆ.

ಗೀರು, ಗುಳಿ, ಬಿರುಕು ಇವನ್ನು ಅದಲುಬದಲು ಬಳಸುವುದನ್ನಂತೂ ನಿಲ್ಲಿಸಲೇಬೇಕು. 2016ರ ಅಕ್ಟೋಬರ್ 28ರಂದು ಅಮೆರಿಕದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಇಳಿದು ಓಡುತ್ತಿದ್ದ ಎಂಡಿ-10 (ಡಿಸಿ-10ರ ಮಾರ್ಪಡಿಸಿದ ರೂಪ) ಸರಕು ವಿಮಾನದ ಎಡ ಗಾಲಿಗಾಲು ಮುರಿದು ಬೆಂಕಿ ಹತ್ತಿತು. ತನಿಖೆಯಲ್ಲಿ ಕಂಡದ್ದು ಈ ಮೂರು ಪದಗಳ ಸರಣಿಯ ಕೊನೆಯೆರಡು: ಕಂಬಕ್ಕೆ ಅನಿಲ ತುಂಬುವ ವಾಲ್ವ್ ಕೂರುವ ರಂಧ್ರದಲ್ಲಿ ತುಕ್ಕು ತಡೆಯಲು ಇರಬೇಕಾದ ಕ್ಯಾಡ್ಮಿಯಂ ಲೋಹದ ಲೇಪ ಇರಲಿಲ್ಲ, ಅಲ್ಲಿ ತುಕ್ಕಿನ ಗುಳಿ ಬಿತ್ತು, ಗುಳಿಯ ತಳದಿಂದ ಮರುಹೊರೆ ಬಿರುಕು ಹೊರಟಿತು. ಕಾಲನ್ನು ಪೂರ್ತಿ ಬಿಚ್ಚಿ ಸರಿಪಡಿಸಲು ತಯಾರಕರು ಹೇಳಿದ್ದು 8 ವರ್ಷ. ನಿರ್ವಾಹಕರು ಇಟ್ಟುಕೊಂಡಿದ್ದ ಮಿತಿ 9.

ಬಿರುಕಿನೊಳಗೆ ಬಣ್ಣ ಇಳಿಸಿ ಅದನ್ನು ಪತ್ತೆಹಚ್ಚುವ ಬಣ್ಣದ ಪರೀಕ್ಷೆಯಲ್ಲೂ (ಡೈ ಪೆನಿಟ್ರಂಟ್) ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಪೇಂಟ್ ತೆಗೆದು, ಜಿಡ್ಡು ತೊಳೆದು, ಕೆಂಪು ದ್ರವ ಹಚ್ಚಿ ಸಾಮಾನ್ಯವಾಗಿ 10ರಿಂದ 30 ನಿಮಿಷ ಬಿಡಬೇಕು. ಒರೆಸುವಾಗ ದ್ರಾವಕವನ್ನು ಬಟ್ಟೆಗೆ ಹಾಕಿಕೊಳ್ಳಬೇಕೇ ಹೊರತು ನೇರವಾಗಿ ಲೋಹದ ಮೇಲೆ ಸಿಂಪಡಿಸಬಾರದು; ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗಿ ಬಿರುಕು ಕಾಣದಾಗುತ್ತದೆ. ಮೇಲೆ ಬಿಳಿ ಪುಡಿ ತೆಳ್ಳಗೆ ಹಾಕಿದಾಗ ಕೆಂಪು ಚುಕ್ಕೆ ಎದ್ದರೆ ಗುಳಿ, ಗೆರೆ ಎದ್ದರೆ ಬಿರುಕು. ಗುಳಿಯನ್ನು ಕೈಪಿಡಿಯ ಮಿತಿಯೊಳಗೆ ಉಜ್ಜಿ ನುಣುಪು ಮಾಡಿ ಮತ್ತೆ ಪರೀಕ್ಷಿಸಬೇಕು. ತೊಟ್ಟಿಯಲ್ಲಿ ಕ್ಯಾಡ್ಮಿಯಂ ಲೇಪಿಸಿದರೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 23 ಗಂಟೆ ಕಾಯಿಸುವುದು ರೂಢಿ. ಕಾಯಿಸದೆ ಬಿಟ್ಟರೆ, ಲೇಪಿಸುವಾಗ ಹೈಡ್ರೋಜನ್ ಒಳಹೊಕ್ಕ ಉಕ್ಕು ಪೆಡಸಾಗುತ್ತದೆ. ಈ ‘ಪೆಡಸು’ ಪದಕ್ಕೆ ಬದಲಿ ಬೇಕಿಲ್ಲ, ಅಷ್ಟು ಚೆನ್ನಾಗಿ ಹೊಂದುತ್ತದೆ.

ಕೊಪ್ಪಳ, ರಾಯಚೂರು ಕಡೆಯವರಲ್ಲಿ ಒಂದು ವಿನಂತಿ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುವುದಕ್ಕೆ, ಅಥವಾ ವರ್ಷಗಟ್ಟಲೆ ಅದೇ ಹೊರೆ ಹೊತ್ತ ಬಂಡಿಯ ಕಬ್ಬಿಣದ ಅಚ್ಚು ಒಂದು ದಿನ ಪಟ್ಟನೆ ಮುರಿಯುವುದಕ್ಕೆ ನಿಮ್ಮೂರ ಕಮ್ಮಾರರು ಏನೆನ್ನುತ್ತಾರೆ? ಅಂಥ ಮಾತೊಂದು ಸಿಕ್ಕರೆ ‘ಮರುಹೊರೆ’ಯನ್ನು ಸಂತೋಷದಿಂದ ಕೈಬಿಡುತ್ತೇನೆ.