ಅಪ್‌ಡೇಟ್: ಸಹಾಯವಾಣಿಗೆ ಸೇರಿದೆ

ಸಂಕಟದಲ್ಲಿರುವವರು ಫೋನ್ ಮಾಡುವ ಸಹಾಯವಾಣಿಗೆ ಸ್ವಯಂಸೇವಕಿಯಾಗಿ ಸೇರಲಾ, ಓದಿದ್ದು ಬರೀ ಬಿ.ಕಾಂ. ಅಂತ ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ಸೇರಿದೆ. ತರಬೇತಿಯೂ ಮುಗಿಯಿತು. ವಾರಕ್ಕೊಮ್ಮೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

"ಸಾಯಬೇಕು ಅನ್ನಿಸುತ್ತಿದೆಯಾ?" ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನೋ ಭಯವಿತ್ತು. ಹಾಗಾಗುವುದಿಲ್ಲ. ಕೇಳಿದ ಮೇಲೇ ಎಷ್ಟೋ ಜನ ಬಾಯಿ ಬಿಡುತ್ತಾರೆ. ಜಾಸ್ತಿ ಕಷ್ಟವಾಗಿದ್ದು ಸುಮ್ನೆ ಇರುವುದು. ನಮ್ಮ ಕಡೆ ಯಾರಾದರೂ ಅತ್ತರೆ ಕಾಫಿ ಕೊಟ್ಟು "ಎಲ್ಲ ಸರಿಹೋಗುತ್ತೆ ಬಿಡಿ" ಅಂತೀವಿ ಅಲ್ವಾ? ಅಲ್ಲಿ ಹಾಗೆ ಹೇಳದೆ, ಅಳು ನಿಲ್ಲುವವರೆಗೂ ಕಾಯಬೇಕು. ಕರೆಗಳ ವಿಷಯ ಮಾತ್ರ ಎಲ್ಲೂ ಹೇಳುವುದಿಲ್ಲ.

ತಮ್ಮನಿಗಾಗಿ ನಂಬರ್ ಕೇಳಿದ್ದ ಅಕ್ಕಾ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇವತ್ತೇ ಮಾಡಿಸಿ.