ಜಾರ್ಜಿಯಾದ ಗ್ರಾಫು, ಊರಿನ ಕುರಿ

‘ಪುಣೆ–ಜಮಖಂಡಿ ಬಳಗ’, ಶುಕ್ರವಾರ ರಾತ್ರಿ

ಕಾಕಾ (ಕೋಥ್ರೂಡ್): ಮೇಲಿನ ಲಿಂಕ್ ಎಲ್ಲರೂ ಓದಿ. ಜಾರ್ಜಿಯಾದಲ್ಲಿ ಮನುಷ್ಯರಿಗೆ ಆಂಥ್ರಾಕ್ಸ್ ಬಂದದ್ದರ ಎಷ್ಟೋ ವರ್ಷಗಳ ಲೆಕ್ಕ ಗ್ರಾಫಿನಲ್ಲಿ ಇದೆ. ದನ, ಕುರಿಯಿಂದಲೇ ಬರುತ್ತಂತೆ. ಭಾನುವಾರ ಖಡಕವಾಸ್ಲಾ ಪಿಕ್‌ನಿಕ್ಕಿಗೆ ಮಟನ್ ಬೇಡ. ಪನೀರ್ ಹೇಳಿಬಿಡ್ತೀನಿ.

ಪ್ರಸಾದ ಅಣ್ಣ: ಕಾಕಾ, ಅಮೆರಿಕದ ಸುದ್ದಿಗೆ ನಮ್ಮ ಊಟ ಯಾಕೆ ಕೆಡಿಸ್ತೀರಿ?

ಶೈಲಾ: ಅಮೆರಿಕದ ಜಾರ್ಜಿಯಾ ಅಲ್ಲ ಅಣ್ಣಾ. ಕಪ್ಪು ಸಮುದ್ರದ ಪಕ್ಕದ ದೇಶ. 1991ರವರೆಗೆ ಸೋವಿಯತ್ ಒಕ್ಕೂಟದಲ್ಲಿತ್ತು.

ಪ್ರಸಾದ ಅಣ್ಣ: ಎಲ್ಲಿಯದಾದರೇನು, ಗೆರೆ ಏರಿದೆ, ಇಳಿದಿದೆ. ಹಳೇ ರೋಗ, ತಾನಾಗೇ ಹೋಗುತ್ತೆ. ಸುಮ್ನೆ ಹೆದರಿಸಬೇಡಿ.

ಶೈಲಾ: ತಾನಾಗೇ ಇಳಿದಿಲ್ಲ. ದನದ ಡಾಕ್ಟರಾಗಿ ಹೇಳ್ತಿದ್ದೇನೆ, ಪೂರ್ತಿ ಓದಿ. ಅಲ್ಲಿ ದನಕರುಗಳಿಗೆ ಪ್ರತಿವರ್ಷ ಲಸಿಕೆ ಕಡ್ಡಾಯವಿತ್ತು. 2007ರಲ್ಲಿ ಆ ಕಡ್ಡಾಯ ತೆಗೆದರು. ಕೆಲವೇ ವರ್ಷಗಳಲ್ಲಿ ಮನುಷ್ಯರ ಕೇಸು ಹಲವು ಪಟ್ಟಾಯಿತು. 2013ರಲ್ಲಿ ಲಸಿಕೆ ಮತ್ತೆ ಶುರು ಮಾಡಿದ ಮೇಲೆ ಇಳಿಯಿತು. ಗ್ರಾಫಿನಲ್ಲಿರುವುದು ಮನುಷ್ಯರ ಗೆರೆ. ಆದರೆ ಅದನ್ನು ಏರಿಸಿದ್ದೂ ಇಳಿಸಿದ್ದೂ ಕೊಟ್ಟಿಗೆಯಲ್ಲಿ ಹಾಕಿದ ಸೂಜಿ.

ಜಿಂಬಾಬ್ವೆ ಕಥೆ ಇನ್ನೂ ದೊಡ್ಡದು. 1978ರಿಂದ 80ರವರೆಗೆ, ಯುದ್ಧದ ಹೊತ್ತಿನಲ್ಲಿ, ಹಳ್ಳಿಗಳ ಕಡೆ ಪಶುವೈದ್ಯ ಸೇವೆಯೇ ಕುಸಿದಿತ್ತು. ಆಗ ಸುಮಾರು 10,000 ಜನರಿಗೆ ಬಂತು.

ಕಾಕಾ (ಕೋಥ್ರೂಡ್): ನೋಡು ಪ್ರಸಾದ, ನಾನು ಹೇಳಿದ್ದೇ ಸರಿ. ಪನೀರ್.

ಶೈಲಾ: ಇಲ್ಲ ಕಾಕಾ, ನೀವು ಹೆದರುವ ಜಾಗ ಬೇರೆ. ಈ ರೋಗ ಬರುವವರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನರಿಗೆ ಅದು ಚರ್ಮದ ಮೇಲೆ ಬರುತ್ತದೆ. ಸತ್ತ ಅಥವಾ ಸಾಯುತ್ತಿದ್ದ ಪ್ರಾಣಿಯನ್ನು ಕೊಯ್ದವರ ಕೈಗೆ, ಚರ್ಮ ಸುಲಿದವರ ತೋಳಿಗೆ. ಪಾತ್ರೆ ಒಲೆ ಮೇಲೆ ಹೋಗುವ ಮೊದಲೇ ರೋಗ ಅಂಟಿರುತ್ತದೆ. ಸತ್ತ ಪ್ರಾಣಿಯ ಮಾಂಸ ತಿಂದರೆ ಹೊಟ್ಟೆಗೂ ಬರಬಹುದು, ಅದು ಇನ್ನೂ ಕೆಟ್ಟದ್ದು. ನಮ್ಮ ಒಡಿಶಾದ ಕೊರಾಪುಟ್‌ನಲ್ಲಿ ಮತ್ತೆ ಮತ್ತೆ ಆಗುವುದು ಇದೇ. ಬಡವರ ಮನೆಯಲ್ಲಿ ಒಂದು ದನ ಸತ್ತರೆ ಮಾಂಸ ಬಿಸಾಡಲು ಮನಸ್ಸು ಬರುವುದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ.

ಭಾನುವಾರದ ಮಟನ್ ಲೈಸೆನ್ಸ್ ಇರುವ, ಪರೀಕ್ಷೆಯಾದ ಮುದ್ರೆ ಇರುವ ಅಂಗಡಿಯಿಂದ ತನ್ನಿ. ಅಷ್ಟು ಸಾಕು.

ವಹಿನಿ: ಒಬ್ಬರಿಂದ ಒಬ್ಬರಿಗೆ ಹರಡುತ್ತಾ? ಮಕ್ಕಳು ಬರ್ತಾರೆ.

ಶೈಲಾ: ಹರಡುವುದು ಇಲ್ಲವೆನ್ನುವಷ್ಟು ಅಪರೂಪ ವಹಿನಿ.

ಪ್ರಸಾದ ಅಣ್ಣ: ಸರಿ, ಒಪ್ಪಿದೆ. ಆದರೆ ಎಷ್ಟೋ ವರ್ಷ ಒಂದೂ ಕೇಸ್ ಇಲ್ಲದ ಕಡೆ ಲಸಿಕೆಗೆ ದುಡ್ಡು ಯಾಕೆ? ಅದನ್ನೇ ಬೇರೆ ರೋಗಕ್ಕೆ ಹಾಕಬಹುದಲ್ವಾ?

ಶೈಲಾ: ನ್ಯಾಯವಾದ ಪ್ರಶ್ನೆ. ಎಲ್ಲ ಕಡೆ ಹಾಕಿ ಅಂತ ಯಾರೂ ಹೇಳುವುದಿಲ್ಲ. ಹಿಂದೆ ಬಂದ ಊರುಗಳಲ್ಲಿ ಬಿಡಬಾರದು, ಅಷ್ಟೇ. ಕೇಸು ಸೊನ್ನೆಯಾದರೂ ರೋಗಾಣು ಬೀಜಕವಾಗಿ, ಅಂದರೆ ಗಟ್ಟಿ ಕವಚದೊಳಗೆ ಮಲಗಿ, ಮಣ್ಣಲ್ಲಿ ಕೂತಿರುತ್ತದೆ. ಸ್ಕಾಟ್ಲೆಂಡ್‌ನ ಗ್ರಿನಾರ್ಡ್ ದ್ವೀಪದಲ್ಲಿ 1942ರಲ್ಲಿ ಬ್ರಿಟನ್ ಇದನ್ನು ಬಾಂಬಿನಲ್ಲಿಟ್ಟು ಕುರಿಗಳ ಮೇಲೆ ಪ್ರಯೋಗ ಮಾಡಿತು. 1986ರಲ್ಲಿ ನೆಲಕ್ಕೆಲ್ಲ ಫಾರ್ಮಾಲ್ಡಿಹೈಡ್ ಸುರಿಯಬೇಕಾಯಿತು. ದ್ವೀಪ ಸುರಕ್ಷಿತ ಎಂದು ಹೇಳಿದ್ದು 1990ರಲ್ಲಿ! ರಷ್ಯಾದ ಯಮಾಲ್‌ನಲ್ಲಿ ರೋಗವಿಲ್ಲ ಅಂತ 2007ರಲ್ಲಿ ಹಿಮಸಾರಂಗಗಳ ಲಸಿಕೆ ನಿಲ್ಲಿಸಿದರು. 2016ರ ಬಿಸಿಲಿಗೆ ಹೆಪ್ಪುಗಟ್ಟಿದ ನೆಲ ಕರಗಿತು. 2,000ಕ್ಕೂ ಹೆಚ್ಚು ಪ್ರಾಣಿ ಸತ್ತವು. 12 ವರ್ಷದ ಹುಡುಗನೂ ಹೋದ.

ಬಸು (ಊರು): ಅಕ್ಕಾ, ಹೋದ ಮಳೆಗಾಲದಲ್ಲಿ ನಮ್ಮ ಒಂದು ಕುರಿ ಮೇಯ್ತಾ ಮೇಯ್ತಾನೇ ಬಿದ್ದು ಸತ್ತಿತ್ತು. ಮೂಗಿಂದ ಕಪ್ಪು ರಕ್ತ. ಚರ್ಮ ಸುಲಿದು ಮಾರಿದೆವು.

ಶೈಲಾ: ಬಸು, ಇದನ್ನ ಅವತ್ತೇ ಹೇಳಬೇಕಿತ್ತು! ರಕ್ತ ಹೆಪ್ಪುಗಟ್ಟಿತ್ತಾ? ಮೈ ಸೆಟೆದಿತ್ತಾ?

ಬಸು (ಊರು): ಗಟ್ಟಿಯಾಗಿರಲಿಲ್ಲ. ಹರೀತಾನೇ ಇತ್ತು. ಮೈನೂ ಮೆತ್ತಗೇ ಇತ್ತು.

ಶೈಲಾ: ಇದು ನೆರಡಿ ರೋಗವೇ, ಅಂದರೆ ಆಂಥ್ರಾಕ್ಸೇ ಇರಬಹುದು. ಆಮೇಲೆ ಯಾರ ಕೈಗಾದರೂ ನೋವಿಲ್ಲದ ಹುಣ್ಣು ಆಗಿತ್ತಾ? ನಡುವೆ ಕಪ್ಪು ಹಕ್ಕಳೆ, ಸುತ್ತ ಬಾವು?

ಬಸು (ಊರು): ಇಲ್ಲ. ಅಪ್ಪನಿಗೂ ಇಲ್ಲ, ನನಗೂ ಇಲ್ಲ.

ಶೈಲಾ: ಸದ್ಯ. ಮುಂದೆ ಅಂಥ ಹುಣ್ಣು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕುರಿ ಸತ್ತಿದ್ದನ್ನೂ ಹೇಳಿ. ಬೇಗ ಔಷಧಿ ಕೊಟ್ಟರೆ ಚರ್ಮದ್ದು ವಾಸಿಯಾಗುತ್ತದೆ.

ಕುರಿ ಹಾಗೆ ಸತ್ತರೆ ಕೊಯ್ಯಲೇಬೇಡಿ, ಸುಲಿಯಲೂಬೇಡಿ. ಹೊಟ್ಟೆ ಸೀಳದಿದ್ದರೆ ಒಳಗಿನ ರೋಗಾಣು ಕೊಳೆತು ಸಾಯುತ್ತದೆ. ಸೀಳಿದರೆ ಗಾಳಿ ತಗುಲಿ ಬೀಜಕವಾಗಿ ಮಣ್ಣಿಗೆ ಬೀಳುತ್ತದೆ. ಪಶು ಆಸ್ಪತ್ರೆಯವರು ಬಂದು ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿಕೊಂಡು ನೋಡುತ್ತಾರೆ.

ಬಸು (ಊರು): ಉಳಿದದ್ದನ್ನ ಹಳ್ಳದ ದಂಡೆಯಲ್ಲಿ ಹೂತೆವು. ಮಣ್ಣು ಮೆತ್ತಗಿತ್ತು ಅಂತ.

ಶೈಲಾ: ಅಲ್ಲಿ ಇನ್ನು ಮೇಯಿಸಬೇಡಿ. ಮಳೆ ನೀರು ಮಣ್ಣನ್ನು ಮೇಲೆ ತರುತ್ತದೆ. ಮುಳ್ಳುಬೇಲಿ ಹಾಕಿ.

ಕಾಕಾ (ಕೋಥ್ರೂಡ್): ಲಸಿಕೆಗೆ ಎಷ್ಟಾದರೂ ಆಗಲಿ, ನಾನು ಕೊಡ್ತೀನಿ.

ಶೈಲಾ: ದುಡ್ಡಿನದು ಆಮೇಲೆ ಕಾಕಾ. ಮೊದಲು ಅಲ್ಲಿನ ಪಶು ಆಸ್ಪತ್ರೆಗೆ ಗೊತ್ತಾಗಬೇಕು, ಅಕ್ಕಪಕ್ಕದ ಹಿಂಡುಗಳೂ ಅದೇ ಹಳ್ಳದಲ್ಲಿ ನೀರು ಕುಡಿಯುತ್ತವೆ. ಲಸಿಕೆ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ. ಬಸು, ಮಳೆಗೆ ಮುಂಚೆ ಆಗಬೇಕು. ನಾಳೆ ಬೆಳಗ್ಗೆ ಡಾಕ್ಟರಿಗೆ ಫೋನ್ ಮಾಡು. ಸುಲಿದದ್ದು, ಹೂತ ಜಾಗ, ಎಲ್ಲ ಹೇಳು.

ಬಸು (ಊರು): ಬೈತಾರೆ ಅಕ್ಕಾ.

ಶೈಲಾ: ಬೈಯಲ್ಲ. ಮಾತಾಡುವಾಗ ನನ್ನನ್ನೂ ಲೈನಿಗೆ ತಗೋ.